ಒಂದು ಪುಟದ ಕಥೆ ಓದಿಸಲು 1,770 ರೂಪಾಯಿ: ಅಂಧೇರಿಯ ಪಿಚ್ ಸೇವೆಯೊಂದರ ಪರೀಕ್ಷೆ

ಮುಂಬೈ ಸುತ್ತಿನ ಡೊಂಬಿವಲಿ, ಮುಲುಂಡ್, ಮೀರಾ ರೋಡ್ ಕಡೆಯ ಕನ್ನಡದ ಹುಡುಗರು ಕಿರುಚಿತ್ರದ ಕಥೆ ಹಿಡಿದುಕೊಂಡು ಅಂಧೇರಿ ಪಶ್ಚಿಮಕ್ಕೆ ಹೋದರೆ ನಿರ್ಮಾಪಕರು ಸಿಗುವ ಮೊದಲು ದುಡ್ಡು ತೆಗೆದುಕೊಂಡು ಕಥೆ ಓದುವವರು ಸಿಗುತ್ತಾರೆ. ನೀವು ಒಂದು ಪುಟ ಕಳಿಸಬೇಕು, ಅವರು ನೋಟ್ಸ್ ಕಳಿಸುತ್ತಾರೆ. ಅಂಥ ಸೇವೆಯೊಂದನ್ನು ಇಲ್ಲಿ ಅಳೆದು ನೋಡಿದ್ದೇವೆ. ಹೆಸರು ಹಾಕಿಲ್ಲ. ಇಬ್ಬರೇ ನಡೆಸುವ ಪುಟ್ಟ ವ್ಯವಹಾರ ಅದು, ಒಂದು ವಿಮರ್ಶೆಯಿಂದ ಅವರ ಹೊಟ್ಟೆಪಾಡಿಗೆ ಕಲ್ಲು ಹಾಕುವುದು ಬೇಡ. ಕೆಳಗೆ ಹೇಳಿದ ಗುಣದೋಷಗಳು ಈ ಬಗೆಯ ಬಹುಪಾಲು ಸೇವೆಗಳಿಗೂ ಹೊಂದುತ್ತವೆ.

ದರ ಹೀಗಿದೆ. ಒಂದು ಪುಟದ ಪಿಚ್, ಅಂದರೆ ನಿರ್ಮಾಪಕರ ಮುಂದಿಡುವ ಕಥೆಯ ಸಾರ, ಓದಿ ಲಿಖಿತ ನೋಟ್ಸ್ ಕೊಡಲು 1,500 ರೂಪಾಯಿ, ಮೇಲೆ 18% ಜಿಎಸ್‌ಟಿ ಸೇರಿ 1,770. ಅದರ ಜೊತೆ 45 ನಿಮಿಷದ ವಿಡಿಯೊ ಕಾಲ್ ಬೇಕಿದ್ದರೆ 3,500, ತೆರಿಗೆ ಸೇರಿ 4,130. ಪುಟ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಬೇಕು, ಕನ್ನಡ ಓದುವವರು ಅಲ್ಲಿಲ್ಲ. ಏಳು ದಿನ ಅಂದಿದ್ದರು, ಒಂಬತ್ತನೆಯ ದಿನ ಬಂತು. ತಿದ್ದಿದ ಒಂದೆಳೆಯನ್ನು (ಇಡೀ ಕಥೆಯನ್ನು ಒಂದೆರಡು ವಾಕ್ಯದಲ್ಲಿ ಹೇಳುವುದು) 30 ದಿನದೊಳಗೆ ಒಂದು ಸಲ ಬಿಟ್ಟಿಯಾಗಿ ಮತ್ತೆ ಓದುತ್ತಾರೆ.

ಇಂಥ ಸೇವೆಯನ್ನು ನಿಜವಾದ ಒಳ್ಳೆಯ ಕಥೆ ಕಳಿಸಿ ಪರೀಕ್ಷಿಸಿದರೆ ಏನೂ ಗೊತ್ತಾಗುವುದಿಲ್ಲ. ಹೊಗಳಿದರೂ ಅನುಮಾನ, ತೆಗಳಿದರೂ ಅನುಮಾನ. ಅದಕ್ಕೇ ಬೇಕೆಂದು ಐದು ತಪ್ಪು ಹುದುಗಿಸಿದ ಒಂದು ಪುಟ ತಯಾರು ಮಾಡಿ ಕಳಿಸಿದ್ದು. 20 ನಿಮಿಷದ ಕಿರುಚಿತ್ರ. ದಕ್ಷಿಣ ಮುಂಬೈಯ ಆಫೀಸುಗಳ ಪ್ರದೇಶವಾದ ಫೋರ್ಟ್‌ನ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ಉಳಿದಿರುವವರು ನಾಲ್ಕೇ ವಿದ್ಯಾರ್ಥಿಗಳು. ಹಾಜರಿ ಪುಸ್ತಕದಲ್ಲಿ ಹತ್ತು ಹೆಸರಿಲ್ಲದಿದ್ದರೆ ಶಾಲೆಗೆ ಬೀಗ. ಮೇಷ್ಟ್ರು ಎದುರಿನ ಹೋಟೆಲಿನ ಆರು ಮಾಣಿಗಳ ಹೆಸರನ್ನು ಅವರಿಗೇ ಗೊತ್ತಿಲ್ಲದಂತೆ ಬರೆದುಬಿಡುತ್ತಾರೆ. ಆಮೇಲೆ ತಪಾಸಣೆಗೆ ಸಾಹೇಬರು ಬರುತ್ತಾರೆ.

ಹುದುಗಿಸಿದ ತಪ್ಪುಗಳು ಇವು. ಒಂದೆಳೆಯಲ್ಲಿ ಕಣ್ಣಿಗೆ ಕಾಣುವ ಕೆಲಸವೇ ಇಲ್ಲ. ಮೊದಲ ಎರಡು ಪ್ಯಾರಾ ಪೂರಾ ಶಾಲೆಯ ಇತಿಹಾಸ. ಕೊನೆಗೆ ಸಮಸ್ಯೆ ಬಗೆಹರಿಯುವುದು ಸಾಹೇಬರ ಮನಸ್ಸು ಕರಗಿದ್ದರಿಂದ, ಮೇಷ್ಟ್ರು ಮಾಡಿದ ಯಾವುದರಿಂದಲೂ ಅಲ್ಲ. ಕಡೆಯ ಸಾಲು ‘ಮುಂದೇನಾಯಿತು ಎಂಬುದನ್ನು ತೆರೆಯ ಮೇಲೇ ನೋಡಬೇಕು’ ಎಂಬ ಪೋಸ್ಟರ್ ಮಾತು. ಐದನೆಯದು, 20 ನಿಮಿಷದ ಚಿತ್ರಕ್ಕೆ ಒಂಬತ್ತು ಜಾಗ, ಅದರಲ್ಲೊಂದು ಓಡುವ ಲೋಕಲ್ ರೈಲಿನ ಒಳಗೆ.

ಐದರಲ್ಲಿ ನಾಲ್ಕನ್ನು ಹಿಡಿದರು. ಆರನೆಯದೊಂದನ್ನೂ ಹಿಡಿದರು. ಅದು ನಾವು ಹುದುಗಿಸಿದ್ದೇ ಅಲ್ಲ, ಅದರ ಮಾತು ಆಮೇಲೆ.

ಮೊದಲು ಒಂದೆಳೆ. ಉದ್ಯಮದಲ್ಲಿ ಲಾಗ್‌ಲೈನ್ ಅನ್ನುತ್ತಾರೆ. 25ರಿಂದ 30 ಪದ, ಒಂದೋ ಎರಡೋ ವಾಕ್ಯ. ಕಳಿಸಿದ್ದು, ಕನ್ನಡದಲ್ಲಿ ಹೇಳುವುದಾದರೆ, ಹೀಗಿತ್ತು: ‘ಮುಚ್ಚುವ ಹಂತಕ್ಕೆ ಬಂದ ಮುಂಬೈಯ ಕನ್ನಡ ರಾತ್ರಿ ಶಾಲೆಯನ್ನು ಉಳಿಸಿಕೊಳ್ಳಲು ಆದರ್ಶವಾದಿ ಮೇಷ್ಟ್ರೊಬ್ಬರು ನಡೆಸುವ ಮನಕಲಕುವ ಹೋರಾಟ.’ ಸಂಘದ ವಾರ್ಷಿಕೋತ್ಸವದ ಕರೆಯೋಲೆಗೆ ಒಪ್ಪುವ ವಾಕ್ಯ. ರೀಡರ್ ‘ಹೋರಾಟ’ದ ಕೆಳಗೆ ಗೆರೆ ಎಳೆದು ಕೇಳಿದ್ದು: ‘ಕ್ಯಾಮೆರಾ ಇಟ್ಟರೆ ಇಲ್ಲಿ ಏನು ಕಾಣುತ್ತದೆ?’ ‘ಮನಕಲಕುವ’ ಎಂಬುದನ್ನು ಹೊಡೆದುಹಾಕಿ, ಅದನ್ನು ನೋಡುವವರು ಹೇಳಬೇಕು ಎಂದು ಬರೆದಿದ್ದರು. ‘ಆದರ್ಶವಾದಿ’ಗೂ ಅದೇ ಗತಿ: ಹಾಜರಿ ಪುಸ್ತಕದಲ್ಲಿ ಸುಳ್ಳು ಬರೆಯುವ ಮನುಷ್ಯನನ್ನು ಆದರ್ಶವಾದಿ ಅಂದರೆ ಕಥೆಯ ಸ್ವಾರಸ್ಯವೇ ಮುಚ್ಚಿಹೋಗುತ್ತದಲ್ಲ?

ಈ ಕೊನೆಯ ಪ್ರಶ್ನೆ ನಿಜಕ್ಕೂ ಚುರುಕಾದದ್ದು. ಒಂದೆಳೆಯಲ್ಲಿ ಬೇಕಾದದ್ದು ನಾಲ್ಕು: ಯಾರು, ಏನು ಬೇಕು, ಏನು ಅಡ್ಡ, ತಪ್ಪಿದರೆ ಏನು ಹೋಗುತ್ತದೆ. ಹೊಸಬರು ‘ಯಾರು’ ಎಂಬಲ್ಲಿ ಗುಣವಿಶೇಷಣ ತುಂಬುತ್ತಾರೆ: ಮುಗ್ಧ, ಛಲಗಾರ, ನೊಂದ. ಅದರ ಬದಲು ಆ ಮನುಷ್ಯನ ಉದ್ಯೋಗ ಮತ್ತು ಅವನ ಒಂದು ತಪ್ಪು ಹೆಜ್ಜೆಯನ್ನು ಇಟ್ಟರೆ ಎರಡೇ ಪದದಲ್ಲಿ ಕಥೆ ಎದ್ದು ಕೂರುತ್ತದೆ. ನೋಟ್ಸ್ ನೋಡಿಕೊಂಡು ತಿದ್ದಿದ ರೂಪ: ‘ರಾತ್ರಿ ಶಾಲೆಗೆ ಬೀಗ ಬೀಳದಿರಲೆಂದು ಮೇಷ್ಟ್ರು ಎದುರಿನ ಹೋಟೆಲಿನ ಆರು ಮಾಣಿಗಳ ಹೆಸರನ್ನು ಹಾಜರಿಗೆ ಸೇರಿಸಿದ್ದಾರೆ. ತಪಾಸಣೆಯ ರಾತ್ರಿ, ಹೋಟೆಲಿನ ರಶ್ಶಿನ ಹೊತ್ತಿಗೆ ಸರಿಯಾಗಿ, ಆ ಆರೂ ಜನ ಬೆಂಚಿನ ಮೇಲೆ ಕೂತಿರಬೇಕು.’ ‘ಹೋರಾಟ’ ಇಲ್ಲ, ‘ಮನಕಲಕುವ’ ಇಲ್ಲ. ಗಡಿಯಾರ ಓಡುವುದು ಮಾತ್ರ ಕೇಳುತ್ತದೆ.

ಈಗ ಆ ಆರನೆಯ ತಪ್ಪು. ಪುಟದಲ್ಲಿ ತಪಾಸಣೆ ರಾತ್ರಿ ಎಂಟು ಗಂಟೆಗೆ, ಶಾಲೆ ಫೋರ್ಟ್‌ನಲ್ಲಿ, ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲ. ಪಕ್ಕದ ಟಿಪ್ಪಣಿ: ‘ಎಂಟಕ್ಕೆ ಫೋರ್ಟ್ ಖಾಲಿ. ಆಫೀಸಿನವರೆಲ್ಲ ಸಿಎಸ್‌ಎಂಟಿ, ಚರ್ಚ್‌ಗೇಟ್‌ನಿಂದ ಗಾಡಿ ಹತ್ತಿ ಆಗಿರುತ್ತದೆ. ಅಲ್ಲಿ ರಶ್ ಅಂದರೆ ಮಧ್ಯಾಹ್ನ ಒಂದು ಗಂಟೆ. ರಾತ್ರಿಯ ರಶ್ ಬೇಕಿದ್ದರೆ ಮಾಟುಂಗಾಕ್ಕೋ ದಾದರಿಗೋ ಹೋಗಿ.’ ಹಣ ಕೊಟ್ಟದ್ದು ಇಂಥ ಕಣ್ಣಿಗೆ. ಇಡೀ ಕಥೆ ರಶ್ಶಿನ ಮೇಲೆ ನಿಂತಿರುವಾಗ, ರಶ್ಶೇ ಇರದ ಜಾಗದಲ್ಲಿ ಅದನ್ನು ಕೂರಿಸಿದ್ದೆವು. ರಾತ್ರಿ ಶಾಲೆಯೆಂದರೆ ಫೋರ್ಟ್ ಎಂಬ ಹಳೆಯ ನೆನಪು ಕೈ ಹಿಡಿದು ಬರೆಸಿದ ತಪ್ಪು ಅದು. ನಾಲ್ಕಾರು ಕನ್ನಡಿಗರಿಗೆ ಓದಿಸಿದ್ದರೂ ಬಹುಶಃ ಯಾರೂ ತಕರಾರು ತೆಗೆಯುತ್ತಿರಲಿಲ್ಲ, ಏಕೆಂದರೆ ಅವರಿಗೂ ಅದೇ ನೆನಪು.

ಇತಿಹಾಸದ ಎರಡು ಪ್ಯಾರಾಗಳಿಗೆ ಸಿಕ್ಕ ನೋಟ್ ಚಿಕ್ಕದು: ‘ಮೂರನೆಯ ಪ್ಯಾರಾದಿಂದ ಓದಲು ಶುರುಮಾಡಿದರೆ ಏನು ಕಳೆದುಹೋಗುತ್ತದೆ?’ ಉತ್ತರ, ಏನೂ ಇಲ್ಲ. ಸಾಹೇಬರ ಕರಗಿದ ಮನಸ್ಸಿಗೂ, ಅಂತ್ಯ ಬಚ್ಚಿಟ್ಟದ್ದಕ್ಕೂ ಸರಿಯಾಗಿಯೇ ಬರೆದಿದ್ದರು. ಅಂತ್ಯದ ವಿಷಯ ಎಷ್ಟು ಸಲ ಹೇಳಿದರೂ ಹೊಸಬರ ತಲೆಗೆ ಹೋಗುವುದಿಲ್ಲ. ಪಿಚ್ ಓದುವವನು ಪ್ರೇಕ್ಷಕನಲ್ಲ, ದುಡ್ಡು ಹಾಕುವವನು ಅಥವಾ ದುಡ್ಡು ಹಾಕುವವನಿಗೆ ವರದಿ ಕೊಡುವವನು. ಕಥೆಗಾರನಿಗೆ ಕಥೆ ಮುಗಿಸಲು ಬರುತ್ತದೆಯೋ ಇಲ್ಲವೋ ಎಂದು ನೋಡುವುದೇ ಅವನ ಕೆಲಸ. ಮುಗಿಸದೆ ಬಿಟ್ಟರೆ, ಮುಗಿಸಲು ಬಂದಿಲ್ಲ ಅಂತಲೇ ಲೆಕ್ಕ.

ತಪ್ಪಿಸಿಕೊಂಡದ್ದು ಖರ್ಚಿನ ಲೆಕ್ಕ. ಒಂಬತ್ತು ಜಾಗಗಳ ಬಗ್ಗೆ ಒಂದಕ್ಷರವೂ ಇಲ್ಲ. ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬುದು ವಾಡಿಕೆಯ ಲೆಕ್ಕ. 20 ಪುಟಕ್ಕೆ ಒಂಬತ್ತು ಜಾಗ ಅಂದರೆ ಒಂದೊಂದು ಜಾಗದಲ್ಲಿ ಎರಡು ನಿಮಿಷದಷ್ಟು ಚಿತ್ರ. ಸಣ್ಣ ತಂಡ ಒಂದು ದಿನದಲ್ಲಿ ಎರಡು ಜಾಗ ಮುಗಿಸಿದರೆ ದೊಡ್ಡದು, ಹೇಗೆ ಎಳೆದರೂ ನಾಲ್ಕೈದು ದಿನದ ಚಿತ್ರೀಕರಣ. ಲೋಕಲ್ ರೈಲಿನೊಳಗೆ ಕ್ಯಾಮೆರಾ ಇಡಲು ರೈಲ್ವೆಯ ಅನುಮತಿ ಬೇಕು, ಶುಲ್ಕ ಕಟ್ಟಬೇಕು. ಮೊಬೈಲಿನಲ್ಲಿ ಕದ್ದು ತೆಗೆಯುತ್ತೇವೆ ಅನ್ನುವವರು ಹಿಂದಿನಿಂದ ಬರುವ ಅನೌನ್ಸ್‌ಮೆಂಟ್, ಕಿಟಕಿಯ ಗಾಳಿಯ ಸದ್ದನ್ನು ಡಬ್ಬಿಂಗ್‌ನಲ್ಲಿ ಹೇಗೆ ತೊಳೆಯುತ್ತೇವೆ ಎಂದೂ ಯೋಚಿಸಬೇಕು. ಕಿರುಚಿತ್ರಕ್ಕೆ ಹಣ ಹಾಕುವವರಲ್ಲಿ ಹೆಚ್ಚಿನವರು ಬರೆದವರೇ, ಇಲ್ಲವೇ ಅವರ ಭಾವನೋ ಅಣ್ಣನೋ. ಹಾಗಿರುವಾಗ ಕಿರುಚಿತ್ರದ ಪಿಚ್ ಓದುವ ಸೇವೆಗೆ ಈ ಲೆಕ್ಕ ಗೊತ್ತಿರಲೇಬೇಕು. ಇದು ದೊಡ್ಡ ಕೊರತೆ.

ಇನ್ನು ವರದಿಯ ಮೈಕಟ್ಟು. ನಾಲ್ಕು ಪುಟದ ಪಿಡಿಎಫ್. ಒಂದು ಪುಟ ಲೋಗೊ ಮತ್ತು ಧನ್ಯವಾದ. ಇನ್ನೊಂದು ಪುಟ ಅಂಕಪಟ್ಟಿ: ಹೊಸತನ 6, ಪಾತ್ರ 5, ಮಾರುಕಟ್ಟೆ 4, ಹೀಗೆ ಹತ್ತಕ್ಕೆ ಇಷ್ಟು. ಅದೇ ಪಟ್ಟಿಯಲ್ಲಿ ‘ಇಂಟರ್ವಲ್ ಪಾಯಿಂಟ್: ದುರ್ಬಲ, 3’ ಎಂದಿತ್ತು. 20 ನಿಮಿಷದ ಚಿತ್ರಕ್ಕೆ ಇಂಟರ್ವಲ್! ಪೂರ್ಣಪ್ರಮಾಣದ ಹಿಂದಿ ಚಿತ್ರಕ್ಕೆ ಮಾಡಿಟ್ಟ ಅಚ್ಚಿನಲ್ಲೇ ಎಲ್ಲವನ್ನೂ ಎರಕ ಹೊಯ್ಯುತ್ತಾರೆ ಎಂಬುದಕ್ಕೆ ಬೇರೆ ಪುರಾವೆ ಬೇಡ. ಉಳಿದೆರಡು ಪುಟದಲ್ಲಿ ಅರ್ಧ ಪುಟ ಯಾರಿಗೆ ಬೇಕಾದರೂ ಅಂಟಿಸಬಹುದಾದ ಉಪದೇಶ. ಕೆಲಸಕ್ಕೆ ಬರುವುದು ಒಂದೂವರೆ ಪುಟ. ಅಂಕಪಟ್ಟಿಯನ್ನು ನೋಡಲೇಬೇಡಿ. ಐದಕ್ಕೂ ಆರಕ್ಕೂ ನಡುವೆ ಏನು ವ್ಯತ್ಯಾಸ ಎಂದು ಕಾಲ್‌ನಲ್ಲಿ ಕೇಳಿದಾಗ ಅವರ ಬಳಿಯೂ ಉತ್ತರವಿರಲಿಲ್ಲ.

ನಿಜವಾಗಿ ಕೈಕೊಡುವುದು ಕೊನೆಯ ಭಾಗ, ‘ಸಲಹೆಗಳು’. ಮೊದಲ ಸಲಹೆ, ಶಾಲೆಯನ್ನು ಧಾರಾವಿಗೆ ಸ್ಥಳಾಂತರಿಸಿ ಹಿಂದಿ ಮಾಧ್ಯಮ ಮಾಡಿದರೆ ಹೆಚ್ಚು ಜನರನ್ನು ತಲುಪುತ್ತದೆ ಎಂದು. ಎರಡನೆಯದು, ತಪಾಸಣೆಯ ಸಾಹೇಬರನ್ನು ಕಟ್ಟಡದ ಮೇಲೆ ಕಣ್ಣಿಟ್ಟ ಬಿಲ್ಡರ್‌ನ ಕಡೆಯವನನ್ನಾಗಿ ಮಾಡಿ ಎಂದು. ಮೇಷ್ಟ್ರ ಸುಳ್ಳಿನಿಂದ ಹುಟ್ಟಿದ ಪೇಚಿನ ಕಥೆಗೆ ಖಳನಾಯಕ ಬಂದ ಕೂಡಲೇ ಸುಳ್ಳು ಸಣ್ಣದಾಗಿಬಿಡುತ್ತದೆ, ಮೇಷ್ಟ್ರು ತಾವಾಗಿಯೇ ಒಳ್ಳೆಯವರಾಗಿಬಿಡುತ್ತಾರೆ. ಆಗ ಅದು ಬೇರೆ ಕಥೆ. ಮುಂಚೆ ಹೊಡೆದುಹಾಕಿದ ‘ಆದರ್ಶವಾದಿ’ಯನ್ನು ಹಿಂಬಾಗಿಲಿನಿಂದ ಮತ್ತೆ ಕರೆತಂದ ಹಾಗಾಯಿತು. ಎರಡನೆಯ ಪುಟದಲ್ಲಿ ಅಷ್ಟು ಹದವಾಗಿ ಕೇಳಿದ ಮನುಷ್ಯನೇ ನಾಲ್ಕನೆಯ ಪುಟದಲ್ಲಿ ಹೀಗೆ ಬರೆದದ್ದೇ ಎಂದು ಅನುಮಾನ ಬರುತ್ತದೆ.

ಮೂರನೆಯ ನೋಟ್ ಮಾತ್ರ ನಡುವೆ ಬೀಳುವಂಥದ್ದು. ‘ಬೆಳೆದ ಮಾಣಿಗಳಿಗೆ ಶಾಲೆ ಯಾಕೆ ಬೇಕು? ನಂಬಿಕೆ ಬರುವುದಿಲ್ಲ.’ ಮುಂಬೈ ಕನ್ನಡಿಗರು ಇದನ್ನು ಓದಿದರೆ ಸಿಟ್ಟೇ ಬಂದೀತು. ಊರಿನಿಂದ ಬಂದ ಹುಡುಗರು ಹಗಲು ಮೇಜು ಒರೆಸಿ, ರಾತ್ರಿ ಶಾಲೆಯಲ್ಲಿ ಕೂತು ಪರೀಕ್ಷೆ ಪಾಸಾಗಿ ಬ್ಯಾಂಕಿಗೋ ಗಲ್ಲಾಪೆಟ್ಟಿಗೆಗೋ ಏರಿದ್ದು ಇಲ್ಲಿಯ ಎಷ್ಟೋ ಮನೆಗಳ ಚರಿತ್ರೆ. ಮನೆಯಲ್ಲಿ ತುಳು, ಹೋಟೆಲಿನಲ್ಲಿ ಹಿಂದಿ, ಶಾಲೆಯಲ್ಲಿ ಕನ್ನಡ ಎಂಬ ಮೂರು ನಾಲಗೆಯ ಬದುಕು ಅದು. ರೀಡರ್‌ಗೆ ಇದು ಗೊತ್ತಿಲ್ಲ, ಸರಿ. ಆದರೆ ನಾವು ಕಳಿಸಿದ ಪುಟದಲ್ಲೂ ಅದು ಇರಲಿಲ್ಲವಲ್ಲ! ಎರಡು ಪ್ಯಾರಾ ಇತಿಹಾಸ ಬರೆದು, ಒಬ್ಬ ಮಾಣಿಗೆ ಸಹಿ ಹಾಕಲು ಬರಬೇಕೆಂಬ ಆಸೆ ಇದೆ ಎಂಬ ಒಂದು ಸಾಲು ಬರೆದಿರಲಿಲ್ಲ. ಹಾಗಾಗಿ ಪ್ರಶ್ನೆ ಸರಿ, ತೀರ್ಪು ತಪ್ಪು.

ಈ ಸೇವೆಯನ್ನು ಬಳಸುವ ರೀತಿಯೂ ಇಲ್ಲೇ ಇದೆ. ವರದಿ ಬಂದ ಮೇಲೆ ಎರಡು ಬಣ್ಣದ ಪೆನ್ನು ಹಿಡಿದು ಕೂತು, ಪ್ರಶ್ನಾರ್ಥಕ ಚಿಹ್ನೆಯಿರುವ ಸಾಲುಗಳನ್ನೆಲ್ಲ ಒಂದರಲ್ಲಿ, ‘ಹೀಗೆ ಮಾಡಿ’ ಎನ್ನುವ ಸಾಲುಗಳನ್ನೆಲ್ಲ ಇನ್ನೊಂದರಲ್ಲಿ ಗುರುತಿಸಿ. ಮೊದಲಿನದಕ್ಕೆ ಒಂದೊಂದಕ್ಕೂ ಉತ್ತರ ಬರೆಯಿರಿ. ಎರಡನೆಯದರಲ್ಲಿ ಹೇಳಿದ್ದನ್ನು ಮಾಡಬೇಡಿ, ಆದರೆ ಅದು ಪುಟದ ಯಾವ ಜಾಗದಲ್ಲಿ ಹುಟ್ಟಿತು ಎಂದು ನೋಡಿ. ಬಿಲ್ಡರ್ ಬೇಕು ಅಂದದ್ದು ತಪಾಸಣೆಯ ದೃಶ್ಯ ಸಪ್ಪೆಯಾಗಿದ್ದರಿಂದ. ಕಾಯಿಲೆಯನ್ನು ಸರಿಯಾಗಿ ಮುಟ್ಟಿ, ಮದ್ದು ತಪ್ಪಾಗಿ ಬರೆದಿದ್ದಾರೆ.

45 ನಿಮಿಷದ ಕಾಲ್ ಬಗ್ಗೆ. ಮೊದಲ ಮೂರು ನಿಮಿಷದಲ್ಲಿ ಕಥೆ ಹೇಳಿ ಅನ್ನುತ್ತಾರೆ, ಇಲ್ಲಿಯವರ ಮಾತಿನಲ್ಲಿ ನರೇಷನ್. ಈ ಭಾಗ ವರದಿಗಿಂತ ಚೆನ್ನಾಗಿದೆ. ಅವರು ಮಧ್ಯೆ ಬಾಯಿ ಹಾಕುವುದಿಲ್ಲ, ಮುಗಿದ ಮೇಲೆ ತಮಗೆ ನೆನಪಿರುವುದನ್ನು ಮಾತ್ರ ವಾಪಸ್ ಹೇಳುತ್ತಾರೆ. ಅವರು ಹೇಳದೆ ಬಿಟ್ಟದ್ದೆಲ್ಲ ನಿಮ್ಮ ನರೇಷನ್‌ನಲ್ಲಿ ಸತ್ತ ಭಾಗ ಎಂದು ತಿಳಿಯಿರಿ. ಕನ್ನಡದವರು ಇಲ್ಲಿ ಎಡವುವುದು ಹೆಸರಿನಲ್ಲಿ. ಮೊದಲ ನಿಮಿಷದಲ್ಲೇ ಸತೀಶ, ಸದಾಶಿವ, ಸಂಜೀವ ಎಂದು ಒಂದೇ ಅಕ್ಷರದ ಮೂವರನ್ನು ಸಾಲಾಗಿ ನಿಲ್ಲಿಸಿದರೆ ಕೇಳುವವರ ತಲೆಯಲ್ಲಿ ಒಬ್ಬನೂ ಉಳಿಯುವುದಿಲ್ಲ. ಮೂರು ಹೆಸರು ಸಾಕು, ಉಳಿದವರು ಉದ್ಯೋಗದಿಂದಲೇ ನಡೆಯಲಿ: ಗಲ್ಲಾದವರು, ಭಟ್ರು, ಸಾಹೇಬರು. ಇನ್ನೊಂದು, ಕನ್ನಡದಲ್ಲಿ ಬಾಯಿಪಾಠ ಮಾಡಿ ಹಿಂದಿಗೆ ತರ್ಜುಮೆ ಮಾಡುತ್ತಾ ಹೇಳಬೇಡಿ, ಪ್ರತಿ ವಾಕ್ಯದ ಕೊನೆಗೆ ಉಸಿರು ಸಿಕ್ಕಿಕೊಳ್ಳುತ್ತದೆ. ಎರಡೂ ಭಾಷೆಯಲ್ಲಿ ಬದುಕಿರುವ ಪದಗಳ ಮೇಲೆ ಕಥೆ ಕಟ್ಟಿ. ‘ಹಾಜರಿ’ ಹಿಂದಿಯಲ್ಲಿ ಹಾಜಿರಿ, ಮರಾಠಿಯಲ್ಲಿ ಹಜೇರಿ, ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ‘ಮಾಣಿ’ ಮಾತ್ರ ವೇಟರ್ ಆಗಲೇಬೇಕು. ಆಗ ಕಳೆದುಹೋಗುವುದು ಕಳೆದುಹೋಗುತ್ತದೆ, ಏನೂ ಮಾಡುವಂತಿಲ್ಲ. ಮೂರು ನಿಮಿಷ ಅಂದರೆ ಹಿಂದಿಯಲ್ಲಿ ನಿಧಾನಕ್ಕೆ 350ರಿಂದ 400 ಪದ. ಮೊಬೈಲಿನ ಟೈಮರ್ ಇಟ್ಟುಕೊಂಡು ಐದು ಸಲ ಹೇಳಿ, ಐದನೆಯ ಸಲವೂ ನಾಲ್ಕು ನಿಮಿಷ ದಾಟಿದರೆ ಕಥೆಯಲ್ಲಿ ಎರಡು ಕಥೆ ಇದೆ ಎಂದರ್ಥ.

ಕಳಿಸುವ ಪುಟ ಹೇಗಿರಬೇಕು ಎಂದು ಅವರು ಎಲ್ಲೂ ಹೇಳುವುದಿಲ್ಲ, ಹೇಳಬೇಕಿತ್ತು. ಒಂದೇ ಪುಟ, 350 ಪದದೊಳಗೆ, ವರ್ತಮಾನ ಕಾಲದಲ್ಲಿ. ತಲೆಯಲ್ಲಿ ಶೀರ್ಷಿಕೆ, ಪ್ರಕಾರ, ಎಷ್ಟು ನಿಮಿಷ ಎಂಬುದು ಒಂದೇ ಸಾಲಿನಲ್ಲಿ. ಆಮೇಲೆ ಒಂದೆಳೆ. ಆಮೇಲೆ ಮೂರು ಪ್ಯಾರಾ, ಕೊನೆಯದರಲ್ಲಿ ಅಂತ್ಯ ಬಚ್ಚಿಡದೆ. ಸಂಭಾಷಣೆ ಬೇಡ, ಬೇಕೇಬೇಕಿದ್ದರೆ ಒಂದು ಸಾಲು. ಕ್ಯಾಮೆರಾ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದಂತೂ ಬೇಡವೇ ಬೇಡ.

ಕಥೆ ಕದ್ದರೆ? ಎಲ್ಲರೂ ಮೊದಲು ಕೇಳುವ ಪ್ರಶ್ನೆ. ಬರೆದ ಕ್ಷಣದಿಂದಲೇ ನಿಮ್ಮ ಬರವಣಿಗೆಗೆ 1957ರ ಕಾಪಿರೈಟ್ ಕಾಯ್ದೆಯ ರಕ್ಷಣೆ ಇದೆ. ಆದರೆ ಕಲ್ಪನೆಗೆ, ವಸ್ತುವಿಗೆ, ಬರಿಯ ಕಥಾಹಂದರಕ್ಕೆ ಇಲ್ಲ, ಅದನ್ನು ಅಭಿವ್ಯಕ್ತಿಸಿದ ರೂಪಕ್ಕೆ ಮಾತ್ರ. ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಇದನ್ನು ಖಚಿತಪಡಿಸಿದೆ. ಹಾಗಾಗಿ ‘ರಾತ್ರಿ ಶಾಲೆಯ ಮೇಷ್ಟ್ರು’ ಎಂಬುದು ಯಾರ ಸೊತ್ತೂ ಅಲ್ಲ, ಹಂತಹಂತವಾಗಿ ಬಿಡಿಸಿ ಬರೆದ ಒಂದು ಪುಟಕ್ಕೆ ಬಲ ಹೆಚ್ಚು. ಪಿಚ್ ಮಾಡುವವರು ತಿಳಿದಿರಬೇಕಾದ ಇನ್ನೊಂದು ತೀರ್ಪು ಬಾಂಬೆ ಹೈಕೋರ್ಟಿನದು. 2003ರಲ್ಲಿ ಸನ್‌ಡಯಲ್ ಕಮ್ಯುನಿಕೇಷನ್ಸ್ ಪ್ರಕರಣದಲ್ಲಿ, ನಂಬಿಕೆಯ ಮೇಲೆ ಒಪ್ಪಿಸಿದ ಕಾನ್ಸೆಪ್ಟ್ ನೋಟನ್ನು ಗೋಪ್ಯ ಮಾಹಿತಿಯೆಂದು ಕಂಡು ಅದಕ್ಕೆ ರಕ್ಷಣೆ ಕೊಟ್ಟಿತು. ಅಂದರೆ ಯಾರಿಗೆ, ಯಾವ ದಿನ, ಯಾವ ಷರತ್ತಿನ ಮೇಲೆ ಕೊಟ್ಟಿರಿ ಎಂಬುದಕ್ಕೆ ಕಾಗದ ಇರಬೇಕು. ಆದ್ದರಿಂದ ಇಮೇಲ್‌ನಲ್ಲೇ ಕಳಿಸಿ, ‘ಓದಿ ಅಭಿಪ್ರಾಯ ತಿಳಿಸಲು ಮಾತ್ರ, ಗೋಪ್ಯ’ ಎಂಬ ಒಂದು ಸಾಲು ಸೇರಿಸಿ. ವಾಟ್ಸ್ಯಾಪ್ ವಾಯ್ಸ್ ನೋಟ್ ಬೇಡ. ಕಳಿಸುವ ಮೊದಲು ಅಂಧೇರಿಯಲ್ಲೇ ಕಚೇರಿಯಿರುವ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನ ಸದಸ್ಯರಾಗಿ ಕಥೆಯನ್ನು ಆನ್‌ಲೈನ್‌ನಲ್ಲಿ ನೋಂದಾಯಿಸಿದರೆ ತಾರೀಖಿಗೆ ಸಾಕ್ಷಿ ಸಿಗುತ್ತದೆ, ತಕರಾರು ಎದ್ದರೆ ಅಲ್ಲಿ ವ್ಯಾಜ್ಯ ಬಗೆಹರಿಸುವ ಸಮಿತಿಯೂ ಇದೆ. ನಾವು ನೋಡಿದ ಸೇವೆ ಗೋಪ್ಯತೆಯ ಬಗ್ಗೆ ಕೇಳಿದಾಗ ಒಂದು ಸಾಲಿನ ಇಮೇಲ್ ಕೊಟ್ಟಿತು. ಕೇಳದಿದ್ದರೆ ಕೊಡುತ್ತಿರಲಿಲ್ಲ.

ಯಾರಿಗೆ ಇದು ಬೇಕು? ಪೂರ್ಣಪ್ರಮಾಣದ ಚಿತ್ರಕಥೆ ಕೈಯಲ್ಲಿದ್ದವರು ಇಲ್ಲಿ ದುಡ್ಡು ಹಾಕುವ ಬದಲು ಕೇಂದ್ರ ಸರ್ಕಾರದ ಚಲನಚಿತ್ರ ಅಭಿವೃದ್ಧಿ ನಿಗಮವಾದ ಎನ್‌ಎಫ್‌ಡಿಸಿಯ ಸ್ಕ್ರೀನ್‌ರೈಟರ್ಸ್ ಲ್ಯಾಬ್‌ಗೆ ಅರ್ಜಿ ಹಾಕಲಿ. ಆಯ್ಕೆಯಾದರೆ ಅನುಭವಿಗಳ ಜೊತೆ ಕೂತು ತಿದ್ದುವ ಅವಕಾಶ ಸಿಗುತ್ತದೆ. ಗೋವಾದಲ್ಲಿ ನವೆಂಬರಿನ ಇಫಿ ಚಿತ್ರೋತ್ಸವದ ಜೊತೆ 2007ರಿಂದ ಎನ್‌ಎಫ್‌ಡಿಸಿ ನಡೆಸಿಕೊಂಡು ಬಂದ ಫಿಲ್ಮ್ ಬಜಾರ್ (2025ರಿಂದ ವೇವ್ಸ್ ಫಿಲ್ಮ್ ಬಜಾರ್) ಇದೆಯಲ್ಲ, ಅಲ್ಲಿ ನಿರ್ಮಾಪಕರ ಎದುರು ನಿಲ್ಲುವವರಿಗೆ 45 ನಿಮಿಷದ ಕಾಲ್ ಒಳ್ಳೆಯ ಪೂರ್ವಾಭ್ಯಾಸ. ಇನ್ನೂ ಒಂದೂ ಪುಟ ತಿದ್ದಿ ಬರೆದಿಲ್ಲದವರು ಮೊದಲು ಪುಕ್ಕಟೆ ದಾರಿ ಹಿಡಿಯಲಿ. ಸಂಘದ ನಾಟಕದವರಲ್ಲಿ ಒಬ್ಬರು, ಸಿನಿಮಾ ಬಿಟ್ಟು ಬೇರೇನೂ ಮಾತಾಡದ ಒಬ್ಬರು, ಕನ್ನಡ ಬಾರದ ನೆರೆಮನೆಯವರು ಒಬ್ಬರು. ಈ ಮೂವರಿಗೆ ಬೇರೆ ಬೇರೆಯಾಗಿ ಕಥೆ ಹೇಳಿ, ಮಾರನೆಯ ದಿನ ವಾಪಸ್ ಹೇಳಿಸಿ. ‘ಚೆನ್ನಾಗಿದೆ’ ಎಂಬ ಮಾತು ಲೆಕ್ಕಕ್ಕಿಲ್ಲ. ಮೂವರೂ ಒಂದೇ ಜಾಗದಲ್ಲಿ ತೊದಲಿದರೆ ತಪ್ಪು ಅಲ್ಲಿದೆ. ಅದನ್ನು ತಿದ್ದಿದ ಮೇಲೂ ಕಥೆ ಕುಂಟುತ್ತಿದ್ದರೆ ಆಗ 1,770 ರೂಪಾಯಿ ಖರ್ಚು ಮಾಡಿ. 4,130ರ ಪ್ಯಾಕೇಜು ನರೇಷನ್‌ಗೆ ದಿನ ಗೊತ್ತಾದವರಿಗೆ ಮಾತ್ರ.

ಬಿಟ್ಟಿ ಮರು ಓದಿಗೆ 30 ದಿನ ಇದೆ, ಆದರೆ ಒಂದೆಳೆಗೆ ಮಾತ್ರ, ಅದೂ ಒಂದೇ ಸಲ. ವರದಿ ಬಂದ ಮಾರನೆಯ ದಿನವೇ ಬಿಸಿಬಿಸಿಯಾಗಿ ಕಳಿಸಿ ಅದನ್ನು ಕಳೆದುಕೊಳ್ಳಬೇಡಿ, ಎರಡು ವಾರ ಕಥೆಯನ್ನು ಹಾಗೇ ಬಿಟ್ಟು ಆಮೇಲೆ ಬರೆಯಿರಿ. ಮೇಲೆ ಕೊಟ್ಟ ತಿದ್ದಿದ ಒಂದೆಳೆ ಹೋದದ್ದು 22ನೆಯ ದಿನ. ಈ ಸಲ ಅಂಕ ಇಲ್ಲ, ಸಲಹೆ ಇಲ್ಲ. ಉತ್ತರವಾಗಿ ಬಂದದ್ದು ಎರಡೇ ಪ್ರಶ್ನೆ: ‘ಆ ಆರರಲ್ಲಿ ಬರುವುದಿಲ್ಲ ಅನ್ನುವವನು ಯಾರು? ಅವನು ಮೊದಲ ಪ್ಯಾರಾದಲ್ಲಿ ಯಾಕಿಲ್ಲ?’